'ಇನ್ನ ಆರಾಮ ಕುಂದರ್ರಿ' ಅನ್ನೋ ಮಾತೇ ಗಂಡಸರನ್ನ ಮುರೀತೈತಿ

ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರ. ನಮ್ಮ ಕಡೆ ಯಾವ ಊರಿಗೆ ಹೋದರೂ, ಕ್ಯಾನ್ಸರ್ ಉಪಚಾರ ಮುಗಿಸಿ ಬಂದ ಹಿರಿಯರನ್ನು ಮಾತಾಡಿಸಲು ಬಂದವರು ಹೇಳುವುದು ಒಂದೇ ಮಾತು: "ಎಲ್ಲಾ ಮುಗೀತಲ್ರಿ ಕಾಕಾ, ಇನ್ನ ಆರಾಮ ಕುಂದರ್ರಿ. ಭಾರ ಎತ್ತಬ್ಯಾಡ್ರಿ, ಬಾಳ ತಿರಗಬ್ಯಾಡ್ರಿ." ಮಗ ಹೇಳುತ್ತಾನೆ, ಸೊಸೆ ಹೇಳುತ್ತಾಳೆ, ಬೀಗರೂ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಪ್ರಾಸ್ಟೇಟ್ ಕ್ಯಾನ್ಸರಿಗೆ ಕರೆಂಟ್ ಕೊಡಿಸಿಕೊಂಡು ಬಂದ ಗಂಡಸಿಗೆ ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ.

ಯಾಕೆ ಅಂತ ಬಿಡಿಸಿ ಹೇಳುತ್ತೇವೆ. ಇದನ್ನು ಆಸ್ಪತ್ರೆಯಲ್ಲೇ ಹೇಳಬೇಕಿತ್ತು. ಎಷ್ಟೋ ಮಂದಿಗೆ ಹೇಳಿಲ್ಲ.

ಒಳಗೆ ಏನಾಗುತ್ತದೆ

ಪ್ರಾಸ್ಟೇಟ್ ಅನ್ನುವುದು ಗಂಡಸರಲ್ಲಿ ಮಾತ್ರ ಇರುವ, ಮೂತ್ರಚೀಲದ ಕೆಳಗಿನ ಸಣ್ಣ ಗ್ರಂಥಿ. ಅಲ್ಲಿ ಹುಟ್ಟುವ ಕ್ಯಾನ್ಸರಿಗೆ ಮೇವು ಟೆಸ್ಟೋಸ್ಟೆರಾನ್. ಗಂಡಸಿಗೆ ಗಡ್ಡ ಮೀಸೆ, ತೋಳಿನ ಕಸುವು, ಎಲುಬಿನ ಗಟ್ಟಿತನ, ಹಾಸಿಗೆಯ ಆಸೆ ಕೊಡುವ ಹಾರ್ಮೋನ್ ಅದೇ. ಆ ಮೇವು ನಿಲ್ಲಿಸಿದರೆ ಕ್ಯಾನ್ಸರ್ ಕುಗ್ಗುತ್ತದೆ ಎಂದು 1941ರಲ್ಲಿ ತೋರಿಸಿದವರು ಅಮೆರಿಕದ ವೈದ್ಯ ಚಾರ್ಲ್ಸ್ ಹಗಿನ್ಸ್. ಅದಕ್ಕೆ ಅವರಿಗೆ 1966ರಲ್ಲಿ ನೊಬೆಲ್ ಬಂತು.

ಇವತ್ತಿಗೂ ಕೆಲಸ ನಡೆಯುವುದು ಅದೇ ಸೂತ್ರದ ಮೇಲೆ. ರೋಗ ಸ್ವಲ್ಪ ಮುಂದುವರಿದಿದ್ದರೆ ಬರೀ ಕರೆಂಟ್ ಸಾಲುವುದಿಲ್ಲ, ಜೊತೆಗೆ ಹಾರ್ಮೋನ್ ಇಳಿಸುವ ಸೂಜಿ ಕೊಡುತ್ತಾರೆ. ಮಧ್ಯಮ ಅಪಾಯದ ರೋಗಕ್ಕೆ 4ರಿಂದ 6 ತಿಂಗಳು, ಹೆಚ್ಚು ಅಪಾಯದ್ದಕ್ಕೆ 18 ತಿಂಗಳಿಂದ 3 ವರ್ಷ. ಸೂಜಿಯ ಖರ್ಚು ತಾಳಲಾರದವರಿಗೆ, ಅಥವಾ ರೋಗ ಬೇರೆ ಕಡೆ ಹರಡಿದವರಿಗೆ, ಆಪರೇಷನ್ ಮಾಡಿ ಬೀಜ ತೆಗೆಯುವುದೂ ಉಂಟು. ಎರಡರ ಪರಿಣಾಮವೂ ಒಂದೇ. ಸಾಮಾನ್ಯವಾಗಿ ರಕ್ತದಲ್ಲಿ 300ರಿಂದ 1000ದವರೆಗೆ ಇರುವ ಟೆಸ್ಟೋಸ್ಟೆರಾನ್ 50ಕ್ಕಿಂತ ಕೆಳಗೆ ಇಳಿಯುತ್ತದೆ.

ಇಳಿದ ಮೇಲೆ ಕಾಕಾ ಹೇಗಾಗುತ್ತಾನೆ? ಸುಮ್ಮನೆ ಕೂತರೂ ಮೈ ಒಮ್ಮೆಲೇ ಕಾದು ಬೆವರುತ್ತದೆ. ಮೊದಲ ವರ್ಷದಲ್ಲೇ ಸ್ನಾಯು ಕರಗಿ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಎಲುಬು ಟೊಳ್ಳಾಗತೊಡಗುತ್ತದೆ. ರಕ್ತ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆಯ ಅಪಾಯ ಏರುತ್ತದೆ. ಮನಸ್ಸು ಮಂಕಾಗುತ್ತದೆ, ಸಣ್ಣದಕ್ಕೆ ಕಣ್ಣೀರು ಬರುತ್ತದೆ. ಹಾಸಿಗೆಯ ಆಸೆ ಹೋಗುತ್ತದೆ. ಇದರ ಮೇಲೆ ಕರೆಂಟಿನ ಸುಸ್ತು ಬೇರೆ. ಅದು ಉಪಚಾರದ ಕೊನೆಯ ವಾರಗಳಲ್ಲಿ ಹೆಚ್ಚಾಗಿ, ಇಳಿಯಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು.

ಸೂಜಿ ನಿಲ್ಲಿಸಿದ ಮರುದಿನ ಹಾರ್ಮೋನ್ ತಿರುಗಿ ಬರುವುದಿಲ್ಲ. ತಿಂಗಳುಗಳು ಹಿಡಿಯುತ್ತದೆ, ವಯಸ್ಸಾದವರಲ್ಲಿ ವರ್ಷ ದಾಟುತ್ತದೆ, ಕೆಲವರಲ್ಲಿ ಪೂರ್ತಿ ಬರುವುದೇ ಇಲ್ಲ. ಬೀಜ ತೆಗೆದಿದ್ದರೆ ಅದು ಕಾಯಂ.

ಈಗ ಹೇಳಿ. ಸ್ನಾಯು ಕರಗುತ್ತಿರುವ, ಎಲುಬು ಸವೆಯುತ್ತಿರುವ ಮನುಷ್ಯನನ್ನು ಹಿಡಿದು ಮಂಚದ ಮೇಲೆ ಕೂರಿಸಿದರೆ ಏನಾಗಬೇಕು? ಕರಗುವುದು ಇನ್ನೂ ಬೇಗ ಕರಗುತ್ತದೆ. ಒಂದು ದಿನ ಬಚ್ಚಲಲ್ಲಿ ಕಾಲು ಜಾರುತ್ತದೆ, ಟೊಂಕದ ಎಲುಬು ಮುರಿಯುತ್ತದೆ. ಕ್ಯಾನ್ಸರಿನಿಂದ ಪಾರಾದವನು ಹಾಸಿಗೆ ಹಿಡಿಯುತ್ತಾನೆ. ಆಗಲೂ ಊರು "ಕ್ಯಾನ್ಸರ್ ಬಿಡಲಿಲ್ಲ ನೋಡ್ರಿ" ಅನ್ನುತ್ತದೆ.

ಹಾರ್ಮೋನ್ ಇಲ್ಲದಿದ್ದರೂ ಕಸುವು ಬರುತ್ತದೆ

"ಹಾರ್ಮೋನೇ ಇಲ್ಲಂದ ಮ್ಯಾಲ ಸಾಮು ಮಾಡಿದ್ರ ಏನ್ ಉಪಯೋಗ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಸಿಕ್ಕಿ ಇಪ್ಪತ್ತು ವರ್ಷದ ಮೇಲಾಯಿತು.

ಕೆನಡಾದಲ್ಲಿ ಹಾರ್ಮೋನ್ ಇಳಿಸುವ ಉಪಚಾರದಲ್ಲಿದ್ದ 155 ಪ್ರಾಸ್ಟೇಟ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ 3 ದಿನದಂತೆ 12 ವಾರ ಭಾರ ಎತ್ತಿಸಿದರು. 2003ರಲ್ಲಿ ಫಲಿತಾಂಶ ಬಂತು: ಭಾರ ಎತ್ತಿದವರ ಸುಸ್ತು ಕಡಿಮೆಯಾಗಿತ್ತು, ಕಸುವು ಹೆಚ್ಚಾಗಿತ್ತು. 2010ರಲ್ಲಿ ಆಸ್ಟ್ರೇಲಿಯಾದವರು ಇಂಥದೇ ಉಪಚಾರದಲ್ಲಿದ್ದ 57 ಮಂದಿಯ ಮೇಲೆ ನೋಡಿದರು. ಅಲ್ಲಿ 12 ವಾರ ಭಾರ ಮತ್ತು ನಡಿಗೆ ಥರದ ವ್ಯಾಯಾಮ ಎರಡನ್ನೂ ಮಾಡಿದವರ ಸ್ನಾಯು, ಕಸುವು ಎರಡೂ ಹೆಚ್ಚಿದವು. ಅವರ ಹಾರ್ಮೋನ್ ಆಗಲೂ ಕೆಳಗೇ ಇತ್ತು. ಮೈ ಮಾತ್ರ ಗಟ್ಟಿಯಾಯಿತು.

ಪರದೇಶದ ಮಾತು ಬೇಡ ಅನ್ನುವವರು ತಮ್ಮ ಗ್ವಾದಲಿ ನೋಡಲಿ. ಹೋಲಿಕೆ ಒರಟು, ಆದರೆ ರೈತರಿಗೆ ಬೇಗ ತಿಳಿಯುತ್ತದೆ. ಹೋರಿಗೆ ಬೀಜ ಒಡೆಸಿದ ಮೇಲೆಯೇ ಅದು ಎತ್ತು. ಎರಿ ಭೂಮಿ ಹರಗುವುದು, ಕಬ್ಬಿನ ಗಾಡಿ ಎಳೆಯುವುದು ಆ ಎತ್ತೇ. ಅದಕ್ಕೆ ಕಸುವು ಎಲ್ಲಿಂದ ಬಂತು? ದಿನಾ ದುಡಿತದಿಂದ, ಹೊಟ್ಟೆ ತುಂಬ ಮೇವಿನಿಂದ. ಅದೇ ಎತ್ತನ್ನು ಎರಡು ವರ್ಷ ಗೂಟಕ್ಕೆ ಕಟ್ಟಿ ನಿಲ್ಲಿಸಿ, ಆಮೇಲೆ ನೊಗ ಹೂಡಿ ನೋಡಿ.

ಮೂರು ಆಕ್ಷೇಪ

"ಎಪ್ಪತ್ತು ವರ್ಷ ಆಗೈತಿ, ಜೀವ ಉಳದದ್ದ ದೊಡ್ಡದು." ನಿಜ, ದೊಡ್ಡದೇ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಬೇಗ ಸಿಕ್ಕಿ ಸರಿಯಾಗಿ ಉಪಚಾರವಾದರೆ ಮುಂದೆ ಹತ್ತು, ಹದಿನೈದು ವರ್ಷ ಬದುಕುವವರು ಬಹಳ ಮಂದಿ. ಅಷ್ಟು ವರ್ಷ ತಂಬಿಗೆಗೂ ಇನ್ನೊಬ್ಬರ ಕೈ ಹಿಡಿಯಬೇಕೋ, ತಾನೇ ನಡೆದು ಸಂತೆಗೆ ಹೋಗಬೇಕೋ?

"ನಾವು ನೇಕಾರ್ರು, ದಿನವೆಲ್ಲಾ ಮಗ್ಗದ ಮುಂದನ ಇರ್ತೇವಿ, ಮತ್ಯಾಕ ವ್ಯಾಯಾಮ?" ಕುಣಿಮಗ್ಗದಲ್ಲಿ ಕಾಲು ತುಳಿದು ಲಾಳಿ ಹೊಡೆಯುವ ಕಾಲ ಬೇರೆ ಇತ್ತು. ಇವತ್ತು ನಮ್ಮ ಊರುಗಳಲ್ಲಿ ಹೆಚ್ಚಿಗೆ ಓಡುತ್ತಿರುವುದು ಪವರ್‌ಲೂಮ್. ಹತ್ತು ತಾಸು ನಿಂತು ಎಳೆ ಕಟ್ಟುವುದರಿಂದ ಕಾಲು ನೋಯುತ್ತದೆ, ತೊಡೆ ಗಟ್ಟಿಯಾಗುವುದಿಲ್ಲ. ದಣಿವೇ ಬೇರೆ, ಸಾಮೇ ಬೇರೆ.

"ಡಾಕ್ಟರಿಗೆ ಟೈಮ್ ಎಲ್ಲೈತ್ರಿ?" ಇದೂ ನಿಜ. ಹುಬ್ಬಳ್ಳಿ, ಬೆಳಗಾವಿ, ಮಿರಜ, ಬೆಂಗಳೂರಿನ ಕಿದ್ವಾಯಿ, ಎಲ್ಲಿ ಹೋದರೂ ಪಾಳಿ ದೊಡ್ಡದು. ಆದರೆ ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿ ಡಿಸ್ಚಾರ್ಜ್ ಕಾರ್ಡಿಗೆ ಪಿನ್ ಹೊಡೆಯಲು ಎಷ್ಟು ಹೊತ್ತು ಬೇಕು? ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಪಚಾರ ಉಂಟು. ಲಕ್ಷಗಟ್ಟಲೆ ಖರ್ಚು ಮಾಡಿ ಜೀವ ಉಳಿಸುವ ಸರಕಾರಕ್ಕೆ ಒಂದು ಹಾಳೆ ಭಾರವೇ?

ಬಾಯಿ ಮುಚ್ಚಿಕೊಂಡರೆ ಲಾಭ ಯಾರಿಗೆ

ನಾಚಿಕೆಯಿಂದ ಕಾಕಾ ಯಾರಿಗೂ ಹೇಳುವುದಿಲ್ಲ. ಡಾಕ್ಟರ್ ಕೇಳುವುದಿಲ್ಲ. ಹೆಂಡತಿಗೆ ಯಾರೂ ತಿಳಿಸಿಲ್ಲ. "ನನ್ನ ಮ್ಯಾಲ ಮನಸ್ಸ ಹೋಗೇತಿ" ಅಂತ ಆಕೆ ಒಳಗೇ ನೊಂದುಕೊಳ್ಳುತ್ತಾಳೆ. ಈ ಮೌನದ ಸಂದಿಯಲ್ಲಿ ಬರುವವರು ಗೋಡೆ ಬರಹದ ವೈದ್ಯರು. "ಗುಪ್ತ ಸಮಸ್ಯೆಗೆ ಖಾತ್ರಿ ಔಷಧ", "ಕಳೆದ ಪುರುಷತ್ವ ಮರಳಿ ಪಡೆಯಿರಿ". ಇಂಥ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಎಪ್ಪತ್ತು ವರ್ಷವಾದರೂ ಗೋಡೆ ಮೇಲಿನ ಬಣ್ಣ ಆರಿಲ್ಲ. ಈಗ ಅದೇ ಜಾಹೀರಾತು ಮೊಬೈಲಿಗೂ ಬಂದಿದೆ.

ಪ್ರಾಸ್ಟೇಟ್ ರೋಗಿಗೆ ಇದು ಬರೀ ರೊಕ್ಕದ ಮೋಸ ಅಲ್ಲ. ಆ ಪುಡಿಯಲ್ಲಿ, ಆ ಸೂಜಿಯಲ್ಲಿ ಟೆಸ್ಟೋಸ್ಟೆರಾನ್ ಇದ್ದರೆ, ಕ್ಯಾನ್ಸರಿಗೆ ನಿಲ್ಲಿಸಿದ ಮೇವನ್ನು ರೊಕ್ಕ ಕೊಟ್ಟು ತಂದು ಹಾಕಿದಂತೆ. ಉಪಚಾರ ಮುಗಿದು ಬಹಳ ದಿನದ ಮೇಲೂ ಹಾರ್ಮೋನ್ ಏರದವರಲ್ಲಿ ಕೆಲವರಿಗೆ ತಜ್ಞರು ಪಿಎಸ್‌ಎ ನೋಡಿಕೊಂಡು, ಎಚ್ಚರದಿಂದ ಕೊಡುವುದುಂಟು. ಅದು ಅವರ ಕೆಲಸ. ಜಿಮ್ಮಿನ ಹುಡುಗನ ಮಾತು ಕೇಳಿ, ಔಷಧ ಅಂಗಡಿಯ ಮಾತು ಕೇಳಿ ತೆಗೆದುಕೊಳ್ಳುವಂಥದ್ದಲ್ಲ. ಸುಸ್ತಾಗುತ್ತದೆ ಅಂತ ಹಾರ್ಮೋನ್ ಸೂಜಿಯನ್ನು ನಡುವೆ ನಿಲ್ಲಿಸುವುದೂ ಅಷ್ಟೇ ಅಪಾಯ.

ಇವತ್ತೇ ಏನು ಮಾಡಬಹುದು

ಮೊದಲು ಡಾಕ್ಟರಿಗೆ ಒಂದು ಮಾತು ಕೇಳಿ: ರೋಗ ಎಲುಬಿಗೆ ಇಳಿದಿದೆಯೇ? ಇಳಿದಿದ್ದರೆ ಭಾರ ಎಷ್ಟು, ಹೇಗೆ ಎಂದು ಅವರೇ ಹೇಳಬೇಕು. ಇಲ್ಲವಾದರೆ ಸುರು ಮಾಡಲು ಜಿಮ್ ಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಒಮ್ಮೆಗೆ ಹತ್ತು. ಗೋಡೆಗೆ ಕೈ ಕೊಟ್ಟು ದಂಡ. ಎರಡು ಕೈಯಲ್ಲಿ ನೀರು ತುಂಬಿದ ಲೀಟರ್ ಬಾಟಲಿ ಎತ್ತಿ ಇಳಿಸುವುದು. ಇದು ವಾರಕ್ಕೆ ಎರಡು ಮೂರು ದಿನ. ಉಳಿದಂತೆ ದಿನಕ್ಕೆ ಅರ್ಧ ತಾಸು ಚುರುಕು ನಡಿಗೆ, ವಾರಕ್ಕೆ 5 ದಿನ. ಹಗುರಾದಂತೆ ಭಾರ ಹೆಚ್ಚಿಸುತ್ತ ಹೋಗಬೇಕು. ಊಟದಲ್ಲಿ ರೊಟ್ಟಿಯ ಜೊತೆ ಬೇಳೆ, ಕಾಳು, ಮೊಸರು, ತಿನ್ನುವವರಿಗೆ ತತ್ತಿ. ಎಲುಬಿಗೆ ಹಾಲು, ಎಳ್ಳು. ತಂಬಾಕು ಬಿಡಬೇಕು.

ಹೊಸದಾಗಿ ಬೆನ್ನು ನೋವು ಸುರುವಾಗಿ ಕಾಲು ಸೋಲತೊಡಗಿದರೆ, ಮೂತ್ರ ಕಟ್ಟಿದರೆ ವ್ಯಾಯಾಮ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಗೆ ಒತ್ತು ಬಿದ್ದಿರಬಹುದು. ಮೂತ್ರದಲ್ಲಿ, ಸಂಡಾಸದಲ್ಲಿ ರಕ್ತ ಕಂಡರೂ ತಡ ಮಾಡದೆ ತೋರಿಸಬೇಕು.

ನಾವು ಕೇಳುತ್ತಿರುವುದು

ಆರೋಗ್ಯ ಕಾರ್ಯಕರ್ತೆಯರು ಬಿಪಿ, ಶುಗರ್ ನೋಡುತ್ತಾರೆ. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ ಕೇಳುತ್ತಾರೆ. ಆಗಬೇಕಾದ ಕೆಲಸವೇ. ಆ ಪಟ್ಟಿಯಲ್ಲಿ ಪ್ರಾಸ್ಟೇಟ್ ಇಲ್ಲ. ಎಲ್ಲ ಗಂಡಸರಿಗೂ ತಪಾಸಣೆ ಮಾಡಿ ಎಂದು ನಾವು ಹೇಳುತ್ತಿಲ್ಲ. ಉಪಚಾರ ಮುಗಿಸಿ ಬಂದವರ ಹೆಸರನ್ನು ಬರೆದುಕೊಳ್ಳಿ, ಅವರ ತೂಕ, ಸಕ್ಕರೆ, ನಡಿಗೆ ನೋಡಿ ಎನ್ನುತ್ತಿದ್ದೇವೆ.

ಕ್ಯಾನ್ಸರ್ ಆಸ್ಪತ್ರೆಗಳು ವ್ಯಾಯಾಮದ ಹಾಳೆಯನ್ನು ಕನ್ನಡದಲ್ಲಿ ಕೊಡಲಿ, ಸೂಜಿ ಯಾವಾಗ ಮುಗಿಯುತ್ತದೆ ಎಂದು ಅದರಲ್ಲಿ ಬರೆಯಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯವರು ಮೂರು ತಿಂಗಳು ಇವರನ್ನು ಕರೆದು ಸಾಮು ಕಲಿಸಲಿ. ಕುಸ್ತಿಗೆ ಹೆಸರಾದ ಈ ನೆಲದ ಗರಡಿ ಮನೆಗಳು ಮುಂಜಾನೆ ಒಂದು ತಾಸು ಹಿರಿಯರಿಗೆ ಬಾಗಿಲು ತೆರೆಯಲಿ. ಸಂಗ್ರಾಣಿ ಕಲ್ಲು ಎತ್ತಿದವರಿಗೆ ಚಪ್ಪಾಳೆ ಹೊಡೆಯುವ ಊರು, ಕುರ್ಚಿಯಿಂದ ಹತ್ತು ಸಲ ಎದ್ದ ಕಾಕಾನಿಗೂ ಹೊಡೆಯಲಿ.

ಮುಂದಿನ ಸಲ ತಪಾಸಣೆಗೆ ಹೋದಾಗ ಹೆಂಡತಿಯನ್ನೋ ಮಗನನ್ನೋ ಜೊತೆಗೆ ಕರೆದುಕೊಂಡು ಹೋಗಿ ನಾಲ್ಕು ಪ್ರಶ್ನೆ ಕೇಳಿ: ನನ್ನ ಟೆಸ್ಟೋಸ್ಟೆರಾನ್ ಈಗ ಎಷ್ಟಿದೆ? ಸೂಜಿ ಇನ್ನೆಷ್ಟು ತಿಂಗಳು? ನನ್ನ ಎಲುಬಿನ ತಪಾಸಣೆ ಆಗಬೇಕೇ? ನಾನು ಎಷ್ಟು ಭಾರ ಎತ್ತಬಹುದು? ಉತ್ತರ ಸಿಗುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.