ಪಿಸ್ತೂಲಿಗೆ ದೀಪ ಬೇಕೆ ಸ್ವಾಮಿ?

ಪೇಟೆ ಬೀದಿಯಲ್ಲಿ ಈಗ ಹೊಸ ಮಾತೊಂದು ಹರಿದಾಡುತ್ತಿದೆ. ಲೈಸೆನ್ಸ್ ಪಿಸ್ತೂಲು ಇಟ್ಟುಕೊಂಡಿರುವ ಚಿನ್ನಬೆಳ್ಳಿ ವ್ಯಾಪಾರಿಗಳು ಕೆಲವರು ಅದಕ್ಕೆ 'ನೈಟ್ ಸೈಟ್' ಹಾಕಿಸಬಹುದಾ ಅಂತ ವಿಚಾರಿಸುತ್ತಿದ್ದಾರೆ. ಸೈಟ್ ಅಂದರೆ ಮೂವತ್ತು-ನಲವತ್ತರ ಸೈಟಲ್ಲ. ಪಿಸ್ತೂಲಿನ ಮೇಲೆ ಗುರಿ ನೋಡೋಕೆ ಹಿಂದೊಂದು ಕಚ್ಚು, ಮುಂದೊಂದು ಮೊನೆ ಇರುತ್ತದಲ್ಲ, ಅದು. ಅದನ್ನು ತೆಗೆದು, ಕತ್ತಲಲ್ಲಿ ಹಸಿರಾಗಿ ಹೊಳೆಯುವ ಮೂರು ಚುಕ್ಕೆ ಇರುವ ಜೊತೆಯನ್ನು ಕೂರಿಸುವುದು. ಮೊಬೈಲಿನಲ್ಲಿ ಅಮೆರಿಕದವರ ವಿಡಿಯೋ ನೋಡಿ ಹುಟ್ಟಿದ ಆಸೆ.

ಆಸೆಯ ಹಿಂದೆ ಇರುವುದು ಭಯ. ಅದನ್ನು ನಗಾಡುವ ಹಾಗಿಲ್ಲ. 2025ರ ಜನವರಿ 16ರಂದು ಬೀದರ್‌ನಲ್ಲಿ ಎಟಿಎಂಗೆ ಹಣ ತುಂಬಲು ಬಂದವರ ಮೇಲೆ ಗುಂಡು ಹಾರಿಸಿ ಹಣದ ಪೆಟ್ಟಿಗೆ ಹೊತ್ತೊಯ್ದರು. ಮಾರನೇ ದಿನವೇ ಮಂಗಳೂರು ಹತ್ತಿರದ ಕೋಟೆಕಾರಿನ ಸಹಕಾರಿ ಬ್ಯಾಂಕಿಗೆ ಆಯುಧ ಹಿಡಿದವರು ನುಗ್ಗಿದರು. ಅದೇ ವರ್ಷ ಸೆಪ್ಟೆಂಬರ್ 16ರಂದು ವಿಜಯಪುರ ಜಿಲ್ಲೆ ಚಡಚಣದಲ್ಲಿ ಬ್ಯಾಂಕ್ ಸಿಬ್ಬಂದಿಯ ಕೈಕಾಲು ಕಟ್ಟಿ ಹಣ, ಚಿನ್ನ ದೋಚಿದರು. ಇದನ್ನೆಲ್ಲ ಓದಿದ ಅಂಗಡಿಯವನಿಗೆ ಷಟರ್ ಎಳೆಯುವಾಗ ಎದೆ ಡವಗುಟ್ಟದೆ ಇರುತ್ತದೆಯೇ?

ಆದರೆ ಒಂದು ವಿಷಯ ಗಮನಿಸಿ. ಬೀದರ್‌ನದು ಬೆಳಗಿನ ಹೊತ್ತು. ಕೋಟೆಕಾರಿನದು ಮಧ್ಯಾಹ್ನ. ಚಡಚಣದ್ದು ಸಂಜೆ, ಬ್ಯಾಂಕಿನ ಬಾಗಿಲು ಹಾಕುವ ಹೊತ್ತಿನಲ್ಲಿ. ಮೂರರಲ್ಲಿ ಒಂದು ಕಡೆಯೂ ಕತ್ತಲು ಕಳ್ಳನ ಜೊತೆಗಾರನಾಗಿರಲಿಲ್ಲ. ಹೊಳೆಯುವ ಚುಕ್ಕೆ ಇಲ್ಲದ್ದೊಂದೇ ಕೊರತೆಯಾಗಿತ್ತು ಅನ್ನೋಕೆ ಆಗುತ್ತದಾ?

ಈ ಚುಕ್ಕೆಯ ಒಳಗೆ ಏನಿದೆ? ಸಣ್ಣ ಗಾಜಿನ ನಳಿಗೆ, ಅದರೊಳಗೆ ಟ್ರಿಟಿಯಂ ಅನ್ನೋ ವಿಕಿರಣ ಅನಿಲ, ಗಾಜಿನ ಒಳಮೈಗೆ ಹೊಳೆಯುವ ಪುಡಿ. ಬ್ಯಾಟರಿ ಬೇಡ, ಬಿಸಿಲಿಗೆ ಹಿಡಿಯುವುದೂ ಬೇಡ. 2009ರ ನವೆಂಬರಿನಲ್ಲಿ ನಮ್ಮ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ಸೇರಿ ದೊಡ್ಡ ಗಲಾಟೆಯಾಯಿತಲ್ಲ, ಅದೇ ಟ್ರಿಟಿಯಂ. ನಳಿಗೆಯಲ್ಲಿ ಇರುವವರೆಗೆ ಹೆದರಬೇಕಿಲ್ಲ, ಅದರ ಕಿರಣ ಚರ್ಮವನ್ನೂ ದಾಟದಷ್ಟು ದುರ್ಬಲ. ಒಡೆದರೆ ಮಾತ್ರ ಉಸಿರಿನಲ್ಲಿ ಒಳಗೆ ಹೋಗಬಾರದು. ಸುಮಾರು 12 ವರ್ಷಕ್ಕೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಅಂದರೆ ಲೈಸೆನ್ಸ್ ಎರಡು ಸಲ ನವೀಕರಣ ಆಗುವಷ್ಟರಲ್ಲಿ ಚುಕ್ಕೆ ಮಂಕು.

ಈಗ ಮುಖ್ಯ ಮಾತಿಗೆ ಬರೋಣ. ಕತ್ತಲಲ್ಲಿ ಈ ಚುಕ್ಕೆ ತೋರಿಸುವುದು ಪಿಸ್ತೂಲಿನ ಮೂತಿ ಯಾವ ಕಡೆ ಇದೆ ಅನ್ನೋದನ್ನು ಮಾತ್ರ. ಎದುರಿಗೆ ನಿಂತವನು ಯಾರು ಅಂತ ಅದು ಹೇಳುವುದಿಲ್ಲ. ಅವನು ಕಳ್ಳನೋ, ಬೀಡಿ ಸೇದೋಕೆ ಹಿಂದಕ್ಕೆ ಹೋಗಿದ್ದ ಕಾವಲುಗಾರನೋ, ತಡವಾಗಿ ಸಿನಿಮಾ ಮುಗಿಸಿ ಹಿತ್ತಲ ಬಾಗಿಲಿಂದ ಬಂದ ಸ್ವಂತ ಮಗನೋ? ಮುಖ ಕಾಣದೆ ಗುಂಡು ಹಾರಿಸಿದರೆ ಏನಾಗುತ್ತದೆ ಅನ್ನೋಕೆ ಜಗತ್ತಿಗೇ ಗೊತ್ತಿರುವ ಕೇಸೊಂದಿದೆ. ದಕ್ಷಿಣ ಆಫ್ರಿಕಾದ ಓಟಗಾರ ಆಸ್ಕರ್ ಪಿಸ್ಟೋರಿಯಸ್ 2013ರ ಫೆಬ್ರವರಿ 14ರ ನಸುಕಿನಲ್ಲಿ ತನ್ನ ಮನೆಯ ಶೌಚಾಲಯದ ಮುಚ್ಚಿದ ಬಾಗಿಲಿಗೆ ನಾಲ್ಕು ಗುಂಡು ಹಾರಿಸಿದ. ಒಳಗಿದ್ದವಳು ಗೆಳತಿ ರೀವಾ ಸ್ಟೀನ್‌ಕ್ಯಾಂಪ್. ಕಳ್ಳ ಅಂದುಕೊಂಡೆ ಅಂದ. ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. ಬಾಗಿಲ ಹಿಂದೆ ಯಾರೇ ಇರಲಿ, ಸಾಯಬಹುದು ಅಂತ ಗೊತ್ತಿದ್ದೇ ಹೊಡೆದದ್ದು ಕೊಲೆಯೇ ಅಂತ 2015ರಲ್ಲಿ ತೀರ್ಪು ಕೊಟ್ಟಿತು. 2017ರಲ್ಲಿ ಶಿಕ್ಷೆಯನ್ನು 13 ವರ್ಷ 5 ತಿಂಗಳಿಗೆ ಏರಿಸಿತು.

ನಮ್ಮಲ್ಲಿ ಆತ್ಮರಕ್ಷಣೆಯ ಹಕ್ಕು ಇಲ್ಲವೇ? ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ದರೋಡೆ, ರಾತ್ರಿ ಕನ್ನ ಹಾಕುವುದು, ಇಂಥವುಗಳಲ್ಲಿ ಪ್ರಾಣ ತೆಗೆಯುವವರೆಗೂ ಹೋಗಬಹುದು. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದು ಅನ್ನೋ ಬೇಲಿಯೂ ಅಲ್ಲೇ ಇದೆ. ಓಡಿಹೋಗುವವನ ಬೆನ್ನಿಗೆ ಹೊಡೆದು ಬಂದವರು ಕೋರ್ಟಿನಲ್ಲಿ ಕಷ್ಟಪಡಬೇಕಾಗುತ್ತದೆ.

ಇನ್ನು ಕೂರಿಸುವ ಕೆಲಸ. ಹೊಸ ಮಾದರಿಯ ವಿದೇಶಿ ಪಿಸ್ತೂಲಿಗೆ ಮುಂದಿನ ಮೊನೆ ಸಣ್ಣ ಸ್ಕ್ರೂ ಮೇಲೆ ನಿಂತಿರುತ್ತದೆ. ಹಿಂದಿನದು ಬಡಗಿಗಳು ಮರ ಸೇರಿಸುವಾಗ ಮಾಡುವಂಥ ಓರೆ ಕಚ್ಚಿನೊಳಗೆ ಬಿಗಿಯಾಗಿ ಕೂತಿರುತ್ತದೆ. ಅದನ್ನು ತಳ್ಳಲು ಬೇರೆ ಸಾಧನವೇ ಇದೆ. ಸುತ್ತಿಗೆಯಲ್ಲಿ ಬಡಿದರೆ ಗಾಜಿನ ನಳಿಗೆ ಪುಡಿ. ಚಿಕ್ಕ ಪಿಸ್ತೂಲಿನಲ್ಲಿ ಹಿಂದಿನ ಕಚ್ಚು ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಹತ್ತು ಮೀಟರ್ ದೂರದಲ್ಲಿ ಗುಂಡು ಆರು ಸೆಂಟಿಮೀಟರಿಗೂ ಹೆಚ್ಚು ತಪ್ಪುತ್ತದೆ. ಆದ್ದರಿಂದ ಕೂರಿಸಿದ ಮೇಲೆ ರೇಂಜಿಗೆ ಹೋಗಿ ಹಾರಿಸಿ ನೋಡಿ ಸರಿಮಾಡಬೇಕು. ಲೈಸೆನ್ಸಿನಲ್ಲಿ ಬರೆದಷ್ಟೇ ಗುಂಡು ಸಿಗುವ ನಮ್ಮವರಲ್ಲಿ ಎಷ್ಟು ಜನ ಹಾಗೆ ಅಭ್ಯಾಸ ಮಾಡುತ್ತಾರೆ? ಪಿಸ್ತೂಲು ಕೊಂಡ ದಿನ ಪೂಜೆ ಮಾಡಿ ಬೀರುವಿನಲ್ಲಿಟ್ಟವರು ಅದನ್ನು ಮತ್ತೆ ಆಚೆ ತೆಗೆಯುವುದು ಆಯುಧಪೂಜೆಗೇ.

ಅಲ್ಲದೆ ಹಾಗೆ ಬಿಡಿಭಾಗ ಬದಲಾಯಿಸುವ ಮಾದರಿ ನಮ್ಮವರ ಕೈಯಲ್ಲಿ ಇರುವುದೂ ಅಪರೂಪ. ಖಾಸಗಿಯವರಿಗೆ ವಿದೇಶಿ ಪಿಸ್ತೂಲಿನ ಆಮದು 1980ರ ದಶಕದ ನಡುವೆಯೇ ನಿಂತಿತು. ಸೇನೆಯವರ 9 ಮಿ.ಮೀ. ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಹೆಚ್ಚಿನವರದು ಸರ್ಕಾರಿ ಕಾರ್ಖಾನೆಯ .32. ಮೊನೆ ಮೈಗೇ ಸೇರಿಕೊಂಡಂತೆ ಮಾಡಿದ್ದರೆ ಕಿತ್ತು ಹಾಕಲು ಅಲ್ಲಿ ಏನೂ ಇರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಲೇತ್ ಅಂಗಡಿಯವನಿಗೋ, ಪರಿಚಯದ ಅಕ್ಕಸಾಲಿಗೋ ಕೊಟ್ಟು 'ಸ್ವಲ್ಪ ಉಜ್ಜಿ ಕೂರಿಸಪ್ಪ' ಅಂದರೆ ಇಬ್ಬರೂ ಸಿಕ್ಕಿಬೀಳುತ್ತೀರಿ. 1959ರ ಆಯುಧ ಕಾಯಿದೆಯ 5ನೇ ಕಲಮಿನ ಪ್ರಕಾರ ಬಂದೂಕು ರಿಪೇರಿ ಮಾಡುವವನಿಗೂ ಲೈಸೆನ್ಸ್ ಬೇಕು. ಅದೇ ಕಾಯಿದೆಯಲ್ಲಿ ಆಯುಧ ಅಂದರೆ ಅದರ ಬಿಡಿಭಾಗವೂ ಸೇರುತ್ತದೆ. ವಿದೇಶದಿಂದ ಪಾರ್ಸೆಲ್ ತರಿಸುವವರು ಕಸ್ಟಮ್ಸಿನವರಿಗೆ ಉತ್ತರ ರೆಡಿ ಮಾಡಿಟ್ಟುಕೊಳ್ಳಲಿ.

ಅಮೆರಿಕದ ಕಥೆ ಬೇರೆ. ಅಲ್ಲಿ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಲೈಸೆನ್ಸೇ ಇಲ್ಲದೆ ಸೊಂಟದಲ್ಲಿ ಮುಚ್ಚಿಟ್ಟುಕೊಂಡು ಓಡಾಡಬಹುದು. ಬೀದಿಗೊಂದು ಬಂದೂಕಿನ ಅಂಗಡಿ, ಅಭ್ಯಾಸಕ್ಕೆ ರೇಂಜು. ನಮ್ಮಲ್ಲಿ 2016ರ ನಿಯಮದಂತೆ ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಚೀಲದೊಳಗೆ, ಪೂರ್ತಿ ಮುಚ್ಚಿಕೊಂಡಿರಬೇಕು. ಝಳಪಿಸಿದರೆ ತಪ್ಪು. 2019ರ ತಿದ್ದುಪಡಿಯಿಂದ ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೂ ಎರಡು ವರ್ಷದವರೆಗೆ ಜೈಲು.

ಅಂಗಡಿಯವರು ಅದೇ ದುಡ್ಡಿಗೆ ಒಳ್ಳೆಯ ಟಾರ್ಚ್ ಕೊಳ್ಳಲಿ. ಮುಖಕ್ಕೆ ಬೆಳಕು ಬಿದ್ದರೆ ಬಂದವನು ಯಾರು ಅಂತ ನಿಮಗೆ ತಿಳಿಯುತ್ತದೆ, ಬಂದವನಿಗೂ ನೀವು ಎದ್ದಿದ್ದೀರಿ ಅಂತ ತಿಳಿಯುತ್ತದೆ. ಷಟರಿನ ಮೇಲೊಂದು ದೀಪ, ಹಿತ್ತಲಿಗೊಂದು ಕ್ಯಾಮೆರಾ, ಸಂಜೆಯಾಗುವ ಮೊದಲೇ ನಗದು ಬ್ಯಾಂಕಿಗೆ. ಪುರಸಭೆಯವರು ಪೇಟೆ ಬೀದಿಯ ಕೆಟ್ಟ ಕಂಬದ ದೀಪಗಳನ್ನು ಹಾಕಿಸಿಕೊಟ್ಟರಂತೂ ಅರ್ಧ ಭಯ ಅಲ್ಲೇ ಹೋಗುತ್ತದೆ. ಅದಕ್ಕೆ ಅರ್ಜಿ ಬರೆಯುವುದಾದರೆ ವರ್ತಕರ ಸಂಘದ ಎಲ್ಲರೂ ಸೇರಿ ಸಹಿ ಹಾಕಿ.