ನೇಗಿಲಿನ ಆಕಾರದ ಗಡ್ಡೆ

ಭಾದ್ರಪದಮಾಸದಲ್ಲಿ ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗುವ ವಾಚಕರು ದಾರಿಯ ಬೇಲಿಗಳನ್ನು ನೋಡಿದರೆ, ಕಳ್ಳಿಯ ಮೇಲೆ ಹಬ್ಬಿ ಉರಿಯಂತೆ ಹೊಳೆಯುವ ಹೂವೊಂದನ್ನು ಕಾಣಬಹುದು. ಗೌರೀಹಬ್ಬದ ಕಾಲಕ್ಕೆ ಅರಳುವುದರಿಂದ ಜನರು ಇದನ್ನು ಗೌರಿ ಹೂವೆನ್ನುವರು. ಅಮರಕೋಶದ ವನೌಷಧಿವರ್ಗದಲ್ಲಿ ಲಾಂಗಲಿಕೀ, ಅಗ್ನಿಶಿಖಾ ಎಂಬ ಹೆಸರುಗಳು ಜೊತೆಯಾಗಿ ಬರುತ್ತವೆ. ಎರಡನೆಯದು ಹೂವಿಗೆ ಸಲ್ಲುವುದು, ಮೊದಲನೆಯದು ಗಡ್ಡೆಗೆ, ಲಾಂಗಲವೆಂದರೆ ನೇಗಿಲು. ೩೦ ವರ್ಷ ಮಕ್ಕಳಿಗೆ ಇವನ್ನು ಬಾಯಿಪಾಠ ಮಾಡಿಸಿದ ನಾವು ಅವುಗಳ ಪ್ರಯೋಜನವನ್ನು ಅರಿತದ್ದು ನಿವೃತ್ತರಾದ ಮೇಲೆ, ನಮ್ಮ ಅಡಿಗೆಮನೆಯಲ್ಲಿ.

ಹೋದ ವರ್ಷ ಬಳ್ಳಿ ಒಣಗಿದ ಬಳಿಕ ನಾಲ್ಕು ಗಡ್ಡೆಗಳನ್ನು ಅಗೆದು ತೊಳೆದು, ಮಳೆಗಾಲಕ್ಕೆ ನೆಡೋಣವೆಂದು ಪಡಸಾಲೆಯ ಮೊರದಲ್ಲಿ ಇಟ್ಟಿದ್ದೆವು. ಸಂಕ್ರಾಂತಿಯ ಹಿಂದಿನ ದಿನ ಅವು ಹೇಗೋ ಗೆಣಸಿನ ಬುಟ್ಟಿಗೆ ಸೇರಿದುವು. ಒಲೆ ಹೊತ್ತಿಸಿದ್ದ ಸೊಸೆಯು ಒಂದನ್ನು ಎತ್ತಿ ಹಿಡಿದು, “ಮಾವ, ಈ ಗೆಣಸಿಗೆ ಎರಡು ಕೈಗಳಿವೆಯಲ್ಲ!” ಎಂದಳು. ನಮ್ಮ ಎದೆ ಝಲ್ಲೆಂದಿತು. ಕೋಶವನ್ನೋದಿದ ನಾವು ಹೆಸರನ್ನು ಬಲ್ಲೆವು. ಅದನ್ನೋದದ ಆಕೆ ಗುರುತನ್ನು ಕಂಡಳು. ದೋಷವು ನಮ್ಮದೇ.

ಈ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿರುವುದು. ಅದನ್ನೇ ವೈದ್ಯರು ಅಳತೆಯರಿತು ವಾತರಕ್ತಕ್ಕೆ ಔಷಧವಾಗಿ ಕೊಡುವರಾದರೂ, ಗಡ್ಡೆಯನ್ನು ತಿಂದರೆ ಪ್ರಾಣಾಪಾಯ. ಬೇಯಿಸಿದರೂ ವಿಷವು ಹೋಗದು. ವಾಂತಿಭೇದಿಗಳು ಕೆಲವು ಗಂಟೆಗಳ ಮೇಲೆ ತೊಡಗುವುವು. ಅದಕ್ಕಾಗಿ ಕಾಯದೆ, ಮನೆಮದ್ದಿಗೆ ಕೈಹಾಕದೆ, ಉಳಿದ ಗಡ್ಡೆಯೊಡನೆ ಕೂಡಲೆ ಆಸ್ಪತ್ರೆಗೆ ಹೋಗತಕ್ಕದ್ದು.

ಗಡ್ಡೆಯು ನೇಗಿಲಿನಂತೆ ಕೋನವಾಗಿ ಬಾಗಿ ಕವಲಾಗಿರುವುದು. ಕವಲು ಮುರಿದರೆ ತುಂಡು ಗೆಣಸನ್ನೇ ಹೋಲುವುದರಿಂದ ಬಳ್ಳಿಯನ್ನೂ ಅರಿತಿರಬೇಕು. ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುವುದು. ಹೂವಿನ ದಳಗಳು ಆರು. ಅಂಚು ಅಲೆಯಲೆಯಾಗಿದ್ದು ಹಿಂದಕ್ಕೆ ಬಾಗಿರುವುವು. ಮೊದಲು ಹಸಿರು, ಅನಂತರ ಹಳದಿ, ಕಡೆಗೆ ಕೆಂಪು.

ಹಾಗಾದರೆ ಬೆಳೆಸಬಾರದೆ? ಬೆಳೆಸಬಹುದು. ಜೂನ್ ತಿಂಗಳಲ್ಲಿ, ನೀರು ನಿಲ್ಲದ ಮರಳುಮಿಶ್ರ ಮಣ್ಣಿನಲ್ಲಿ, ಸುಮಾರು ೩ ಅಂಗುಲ ಆಳದಲ್ಲಿ ಗಡ್ಡೆಯನ್ನು ಅಡ್ಡಲಾಗಿ ಇಡತಕ್ಕದ್ದು. ಮೊಳಕೆಯ ಕಣ್ಣು ಕವಲಿನ ತುದಿಯಲ್ಲಿ ಮಾತ್ರವಿರುವುದರಿಂದ ಆ ತುದಿಯು ಮುರಿಯಬಾರದು. ಹಳೆಯ ಗಡ್ಡೆ ಪ್ರತಿವರ್ಷವೂ ಸೊರಗಿ ಹೊಸದು ಹುಟ್ಟುವುದು. ಬೀಜದಿಂದ ಬೆಳೆದದ್ದು ಹೂಬಿಡಲು ಮೂರು ನಾಲ್ಕು ವರ್ಷ ಬೇಕು. ಬೀಜವೂ ವಿಷವೇ, ಮಕ್ಕಳ ಕೈಗೆ ಸಿಗಬಾರದು.

ಬಳ್ಳಿ ಒಣಗಿದ ಮೇಲೆ ಅಗೆಯುವ ಅಗತ್ಯವೇ ಇಲ್ಲ. ಗಡ್ಡೆಯು ಒಣಮಣ್ಣಿನಲ್ಲಿಯೇ ಮಲಗಿರಲಿ. ನಮ್ಮದು ಈಗ ಕುಂಡದಲ್ಲಿದೆ. ಕುಂಡದ ಮೇಲೆ ಸೊಸೆಯು ಸುಣ್ಣದಿಂದ ನೇಗಿಲೊಂದನ್ನು ಚಿತ್ರಿಸಿ, ಕೆಳಗೆ ‘ವಿಷ’ ಎಂದು ಬರೆದಿದ್ದಾಳೆ.