ಯಂತ್ರ ಕೊಂದರೆ ಕಟಕಟೆಗೆ ಯಾರು?

ತಾನಾಗಿ ಓಡುವ ಕಾರು ಒಬ್ಬರ ಪ್ರಾಣ ತೆಗೆದರೆ ಆ ತಪ್ಪಿಗೆ ಹೊಣೆ ಯಾರು? ಅಮೆರಿಕದ ಅರಿಜೋನಾ ರಾಜ್ಯದ ನ್ಯಾಯಾಲಯ ಈ ಪ್ರಶ್ನೆಗೆ 2023ರಲ್ಲಿ ಒಂದು ಉತ್ತರ ಕೊಟ್ಟಿದೆ. ಆ ಉತ್ತರ ನಮಗೆ ಸಮಾಧಾನ ತಂದಿಲ್ಲ. ಏಕೆಂಬುದನ್ನು ಯಂತ್ರದ ಮುಂದೆ ನಿಂತು ದುಡಿಯುವವರಿಗೂ, ರಸ್ತೆಯ ಅಂಚಿನಲ್ಲಿ ಅಂಗಡಿಯಿಟ್ಟು ಬಾಳುವವರಿಗೂ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ನಡೆದದ್ದು ಇಷ್ಟು. 2018ರ ಮಾರ್ಚ್ 18ರ ರಾತ್ರಿ, ಸುಮಾರು ಹತ್ತು ಗಂಟೆ. ಟೆಂಪೆ ನಗರದಲ್ಲಿ 49 ವಯಸ್ಸಿನ ಹೆಂಗಸೊಬ್ಬರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಊಬರ್ ಕಂಪನಿ ಪರೀಕ್ಷೆಗೆಂದು ರಸ್ತೆಗೆ ಬಿಟ್ಟಿದ್ದ ವೋಲ್ವೋ ಕಾರು ಗಂಟೆಗೆ 60 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬಂದು ಅವರಿಗೆ ಬಡಿಯಿತು. ಅವರು ತೀರಿಕೊಂಡರು. ಇಂಥ ಕಾರಿಗೆ ಸಿಕ್ಕಿ ಪಾದಚಾರಿ ಸತ್ತದ್ದು ಜಗತ್ತಿನಲ್ಲೇ ಅದು ಮೊದಲು. ಸ್ಟಿಯರಿಂಗಿನ ಮುಂದೆ ಕಂಪನಿ ಸಂಬಳ ಕೊಟ್ಟು ಕೂರಿಸಿದ್ದ ಒಬ್ಬ ನೌಕರಳಿದ್ದರು. ಕಾರು ಓಡಿಸುವುದು ಆಕೆಯ ಕೆಲಸವಲ್ಲ; ಕಾರು ತಪ್ಪಿದರೆ ಹಿಡಿದು ನಿಲ್ಲಿಸುವುದು ಆಕೆಯ ಕೆಲಸ. ಆ ಹೊತ್ತಿಗೆ ಆಕೆ ರಸ್ತೆ ಬಿಟ್ಟು ಫೋನು ನೋಡುತ್ತಿದ್ದರೆಂದು ಪೊಲೀಸರು ವರದಿ ಮಾಡಿದರು.

ಇನ್ನು ಕಾನೂನು ನಡೆದ ಹಾದಿ ನೋಡಿ. ಎರಡು ವಾರ ತುಂಬುವ ಮೊದಲೇ ಕಂಪನಿಯು ಸತ್ತವರ ಪತಿ ಮತ್ತು ಮಗಳೊಡನೆ ರಾಜಿ ಮಾಡಿಕೊಂಡಿತು. ಕೊಟ್ಟ ಹಣವೆಷ್ಟೆಂದು ಹೊರಗೆ ಹೇಳಲಿಲ್ಲ. 2019ರ ಮಾರ್ಚಿನಲ್ಲಿ, ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಆಧಾರವಿಲ್ಲವೆಂದು ಸರ್ಕಾರಿ ವಕೀಲರು ಬರೆದುಕೊಟ್ಟರು. 2020ರಲ್ಲಿ ನೌಕರಳ ಮೇಲೆ ನಿರ್ಲಕ್ಷ್ಯದಿಂದ ಸಾವು ತಂದ ಆರೋಪ ಬಂತು. 2023ರ ಜುಲೈಯಲ್ಲಿ ಆಕೆ ಇತರರನ್ನು ಅಪಾಯಕ್ಕೊಡ್ಡಿದ ತಪ್ಪನ್ನು ಒಪ್ಪಿಕೊಂಡರು. ಮೂರು ವರ್ಷ ಅಧಿಕಾರಿಯ ನಿಗಾದಲ್ಲಿರಬೇಕೆಂಬ ಶಿಕ್ಷೆಯಾಯಿತು. ಕಟಕಟೆ ಹತ್ತಿದವರು ಇವರೊಬ್ಬರೇ.

ಆ ದೇಶದ್ದೇ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2019ರ ನವೆಂಬರಿನಲ್ಲಿ ತನ್ನ ತನಿಖೆಯ ನಿರ್ಣಯವನ್ನು ಮುಂದಿಟ್ಟಿತು. ಬಡಿಯುವುದಕ್ಕೆ 5.6 ಸೆಕೆಂಡು ಮೊದಲೇ ಕಾರಿನ ಯಂತ್ರಕ್ಕೆ ಎದುರಿಗೆ ಏನೋ ಇದೆಯೆಂದು ಕಂಡಿತ್ತು. ಅದನ್ನು ಒಮ್ಮೆ ವಾಹನವೆಂದಿತು, ಒಮ್ಮೆ ಬೇರೇನೋ ಎಂದಿತು, ಒಮ್ಮೆ ಸೈಕಲ್ ಎಂದಿತು. ಮನುಷ್ಯರೆಂದು ಮಾತ್ರ ಒಮ್ಮೆಯೂ ಗುರುತಿಸಲಿಲ್ಲ. ಪಟ್ಟೆ ಬಳಿದ ಜಾಗವಲ್ಲದ ಕಡೆ ಜನ ರಸ್ತೆ ದಾಟಿಯಾರೆಂಬ ಎಣಿಕೆಯೇ ಆ ಯಂತ್ರಕ್ಕೆ ಬರೆದ ಲೆಕ್ಕದಲ್ಲಿರಲಿಲ್ಲ. ಸುಮ್ಮಸುಮ್ಮನೆ ಬ್ರೇಕು ಬೀಳಬಾರದೆಂದು, ಅಪಾಯ ತಿಳಿದ ಮೇಲೂ ಒಂದು ಸೆಕೆಂಡು ತಡೆದಿರುವಂತೆ ಅದನ್ನು ಅಳವಡಿಸಿದ್ದರು. ವೋಲ್ವೋ ಕಾರಿನಲ್ಲಿ ಮೊದಲಿನಿಂದಲೇ ಇದ್ದ ತುರ್ತು ಬ್ರೇಕಿನ ಏರ್ಪಾಡು, ಊಬರಿನ ಯಂತ್ರ ಕಾರು ಓಡಿಸುವಾಗ ಕೆಲಸ ಮಾಡದಂತೆ ಮಾಡಿದ್ದರು. ಮೊದಲು ಪ್ರತಿ ಕಾರಿನಲ್ಲೂ ಇಬ್ಬರು ನೌಕರರಿದ್ದರು. 2017ರಲ್ಲಿ ಅದನ್ನು ಒಬ್ಬರಿಗೆ ಇಳಿಸಿದರು. ನೌಕರರ ಮೇಲೆ ಕಣ್ಣಿಡಲು ಕಾರಿನೊಳಗೆ ಕ್ಯಾಮೆರಾ ಇತ್ತು. ಅದರ ಚಿತ್ರಗಳನ್ನು ಮೇಲಿನವರು ನೋಡುತ್ತಿದ್ದದ್ದೇ ಅಪರೂಪ. ಸುರಕ್ಷತೆಗೆಂದು ಪ್ರತ್ಯೇಕ ವಿಭಾಗವೂ ಇರಲಿಲ್ಲ.

ನೌಕರಳ ತಪ್ಪಿಲ್ಲವೆ? ಇದೆ. ಆಕೆಯ ಅಜಾಗರೂಕತೆಯೇ ಮುಖ್ಯ ಕಾರಣವೆಂದು ಮಂಡಳಿ ಹೇಳಿದೆ. ಸತ್ತವರು ದಾಟಬಾರದ ಕಡೆ ದಾಟಿದ್ದನ್ನೂ ಹೇಳಿದೆ. ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ಅದೇ ಮಂಡಳಿ ಕಂಪನಿಯ ಸುರಕ್ಷತಾ ಕ್ರಮಗಳ ಕೊರತೆಯನ್ನೂ, ಅರಿಜೋನಾ ಸರ್ಕಾರದ ಮೇಲ್ವಿಚಾರಣೆ ಸಾಲದ್ದನ್ನೂ ಕಾರಣಗಳ ಪಟ್ಟಿಯಲ್ಲಿ ಸೇರಿಸಿದೆ. ಪರವಾನಗಿಯ ವಿಷಯದಲ್ಲಿ ಕ್ಯಾಲಿಫೋರ್ನಿಯಾದೊಡನೆ ಜಗಳವಾಗಿ ಊಬರ್ 2016ರ ಡಿಸೆಂಬರಿನಲ್ಲಿ ತನ್ನ ಕಾರುಗಳನ್ನು ಸಾಗಿಸಿದಾಗ, ಅರಿಜೋನಾದ ಗವರ್ನರ್ ಡಗ್ ಡ್ಯೂಸಿ ಅವನ್ನು ಹಾರ ಹಾಕಿ ಬರಮಾಡಿಕೊಂಡಂತೆ ಬರಮಾಡಿಕೊಂಡಿದ್ದರು. ನಾಲ್ಕು ಕೈ ಸೇರಿ ಆದ ತಪ್ಪಿಗೆ ಒಂದು ಕೈಗೆ ಮಾತ್ರ ಬೇಡಿ ಬಿದ್ದಿತೆಂಬುದೇ ನಮ್ಮ ಆಕ್ಷೇಪಣೆ.

ಗಿರಣಿಯಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿರುಗುವ ಯಂತ್ರದ ಗಾರ್ಡು ತೆಗೆಸಿ, ಇಬ್ಬರ ಕೆಲಸಕ್ಕೆ ಒಬ್ಬನನ್ನು ನಿಲ್ಲಿಸಿ, ರಾತ್ರಿ ಪಾಳಿಯಲ್ಲಿ ಅವನ ಕಣ್ಣು ಅತ್ತಿತ್ತ ಹೋದಾಗ ಅನಾಹುತವಾದರೆ, ಅವನೊಬ್ಬನ ತಪ್ಪೆಂದು ಬರೆದು ಕಡತ ಮುಚ್ಚಬಹುದೆ? ಯಂತ್ರಕ್ಕೆ ಗಾರ್ಡು ಹಾಕಿಸುವ ಹೊಣೆಯನ್ನು 1948ರ ಕಾರ್ಖಾನೆ ಕಾಯಿದೆ ಮಾಲೀಕರ ಮೇಲಿಟ್ಟಿತ್ತು. ಅದಕ್ಕೂ ಮೊದಲೇ, 1923ರ ಕಾರ್ಮಿಕರ ಪರಿಹಾರ ಕಾಯಿದೆ, ಕೆಲಸದಲ್ಲಿ ಗಾಯಗೊಂಡವನು ಮಾಲೀಕರ ತಪ್ಪನ್ನು ರುಜುವಾತು ಮಾಡಬೇಕಾಗಿಲ್ಲವೆಂದು ಹೇಳಿತು. ಶೆಡ್ಡಿನೊಳಗೆ ಒಪ್ಪಿದ ನ್ಯಾಯವನ್ನು ರಸ್ತೆಯ ಮೇಲೆ ಒಪ್ಪದಿರಲು ಕಾರಣ ನಮಗೆ ಕಾಣದು.

ಹೊಸ ಯಂತ್ರ ಬೇಡವೆನ್ನುವವರು ನಾವಲ್ಲ. ನಮ್ಮ ದೇಶದಲ್ಲಿ 2022ರಲ್ಲೇ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವು ಮನುಷ್ಯರೇ ಓಡಿಸಿದ ವಾಹನಗಳು. ಯಂತ್ರ ಕುಡಿಯುವುದಿಲ್ಲ, ತೂಕಡಿಸುವುದಿಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ತಪ್ಪಿದಾಗ ಯಂತ್ರವನ್ನು ಕಟಕಟೆಗೆ ಕರೆಯಲಾಗದು. ಅದರ ಹಿಂದಿನವರನ್ನು ಕರೆಯುವ ದಾರಿಯನ್ನು ಕಾನೂನು ಮೊದಲೇ ಹಾಕಿಡಬೇಕು.

ಕರೆದರೂ ಸಾಕ್ಷ್ಯ ಯಾರ ಕೈಯಲ್ಲಿದೆ ಎಂಬುದು ಮುಂದಿನ ಪ್ರಶ್ನೆ. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರೊಂದು ಕಾರು ಬಡಿದು ಬಿದ್ದ ಹೆಂಗಸನ್ನು ಕ್ರೂಸ್ ಕಂಪನಿಯ ಚಾಲಕನಿಲ್ಲದ ಕಾರು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಕಂಪನಿ ಕೇಂದ್ರ ಸರ್ಕಾರಕ್ಕೆ ಬರೆದ ವರದಿಯಲ್ಲಿ ಎಳೆದ ಮಾತೇ ಇರಲಿಲ್ಲ. ಸುಳ್ಳು ವರದಿ ಕೊಟ್ಟೆವೆಂದು 2024ರ ನವೆಂಬರಿನಲ್ಲಿ ಒಪ್ಪಿಕೊಂಡು, 5 ಲಕ್ಷ ಡಾಲರ್ ದಂಡಕ್ಕೆ ತಲೆಬಾಗಿತು. ಕಾರು ಕಂಡದ್ದು, ಮಾಡಿದ್ದು ಎಲ್ಲ ಕಂಪನಿಯ ಪೆಟ್ಟಿಗೆಯಲ್ಲಿರುವಾಗ ಬಡವರು ಯಾವ ಸಾಕ್ಷಿ ತರಬಲ್ಲರು?

ದಾರಿಯಿಲ್ಲವೆಂದಲ್ಲ. ಬ್ರಿಟನ್ 2018ರಲ್ಲಿ ಮಾಡಿದ ಕಾಯಿದೆಯಂತೆ, ವಿಮೆಯಿರುವ ಕಾರು ತಾನಾಗಿ ಓಡುವಾಗ ಅಪಘಾತವಾದರೆ ವಿಮಾ ಕಂಪನಿ ಮೊದಲು ನೊಂದವರಿಗೆ ಪರಿಹಾರ ಕೊಡಬೇಕು. ಆಮೇಲೆ ತಪ್ಪಿತಸ್ಥರಿಂದ ವಸೂಲು ಮಾಡಿಕೊಳ್ಳಬಹುದು. ಅಲ್ಲಿನ 2024ರ ಕಾಯಿದೆ, ಅನುಮತಿ ಪಡೆದ ಕಾರು ತಾನಾಗಿ ಓಡುವಾಗ ಅದರ ಓಟದ ತಪ್ಪಿಗೆ ಒಳಗೆ ಕುಳಿತವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಅನುಮತಿ ಪಡೆದ ಸಂಸ್ಥೆಯೇ ಉತ್ತರ ಹೇಳಬೇಕು ಎನ್ನುತ್ತದೆ.

ನಮ್ಮಲ್ಲಿ ಇಂಥ ಕಾರುಗಳನ್ನು ಬಿಡುವುದಿಲ್ಲ, ಡ್ರೈವರುಗಳ ಕೆಲಸ ಹೋಗುತ್ತದೆ ಎಂದು ಸಚಿವ ನಿತಿನ್ ಗಡ್ಕರಿ 2023ರ ಡಿಸೆಂಬರಿನಲ್ಲಿ ಹೇಳಿದರು. ಡ್ರೈವರುಗಳ ಅನ್ನದ ಚಿಂತೆ ಸರಿಯೇ. ಆದರೆ ತಾನಾಗಿ ಬ್ರೇಕು ಹಾಕುವ, ದಾರಿಯ ಗೆರೆ ಹಿಡಿದು ಸಾಗುವ ಕಾರುಗಳು ಈಗಾಗಲೇ ನಮ್ಮ ಪೇಟೆಗಳಲ್ಲಿ ಮಾರಾಟವಾಗುತ್ತಿವೆ. ನಮ್ಮ 1988ರ ಮೋಟಾರು ವಾಹನ ಕಾಯಿದೆಯ 164ನೇ ಕಲಮಿನಲ್ಲಿ, ತಪ್ಪು ರುಜುವಾತು ಮಾಡದೆಯೂ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯಲು ಅವಕಾಶವಿದೆ. ಇದು ಒಳ್ಳೆಯ ಬುನಾದಿ. ಇದರ ಮೇಲೆ ಕಟ್ಟಬೇಕಾದ್ದು ಬಹಳವಿದೆ.

ನಾವು ಕೇಳುವುದು ಮೂರು. ಒಂದು, ಅಪಘಾತವಾದ ಕೂಡಲೇ ಕಾರಿನೊಳಗಿನ ದಾಖಲೆ ಸರ್ಕಾರದ ವಶಕ್ಕೆ ಬರಬೇಕು; ಅದರ ಪ್ರತಿ ನೊಂದವರಿಗೂ ಸಿಗಬೇಕು. ಎರಡು, ಪರಿಹಾರ ಮೊದಲು, ತಪ್ಪಿನ ವಿಚಾರಣೆ ಆಮೇಲೆ. ಮೂರು, ಸ್ಟಿಯರಿಂಗಿನ ಮುಂದೆ ಕುಳಿತವರ ಮೇಲೆ ಮೊಕದ್ದಮೆ ಹೂಡುವ ಮೊದಲು, ಬ್ರೇಕು ಬಿಡಿಸಿದವರನ್ನೂ ಜನ ಕಡಿತ ಮಾಡಿದವರನ್ನೂ ಅನುಮತಿ ಕೊಟ್ಟವರನ್ನೂ ವಿಚಾರಿಸಬೇಕು. ಇವನ್ನು ಕಾಯಿದೆಯಲ್ಲಿ ಬರೆಯಲು ಮೊದಲ ಸಾವಿನವರೆಗೆ ಕಾಯಬೇಕಾಗಿಲ್ಲ. ಮತ ಕೇಳಲು ಬರುವ ಪ್ರತಿಯೊಬ್ಬ ಲೋಕಸಭಾ ಅಭ್ಯರ್ಥಿಯನ್ನೂ ಓದುಗರು ಈ ಮಾತು ಕೇಳಬೇಕು.